ಶಿರಸಿಯ ಅಂಗಳದಲ್ಲಿ ಮಾಕೆಮಾಕೆ ಸಿಕ್ಕಿತು

ನನ್ನ 8 ಇಂಚಿನ ಟೆಲಿಸ್ಕೋಪಿನಲ್ಲಿ ಪ್ಲುಟೋದ ಫೋಟೋ ಹಿಡಿಯುವ ಆಸೆ. ಅದಕ್ಕೆ ಒಳ್ಳೆಯ ಕಾಲ ಜುಲೈ. ನಮ್ಮ ಶಿರಸಿಯಲ್ಲಿ ಆಗ ಜಡಿಮಳೆ. ನವೆಂಬರಿಗೆ ಕಾದರೆ, ಕತ್ತಲಾಗಿ ಎರಡು ಗಂಟೆಯೊಳಗೆ ಅದು ಅಡಿಕೆ ಮರಗಳ ಹಿಂದೆ ಇಳಿಯುತ್ತದೆ. ಎರಡು ವರ್ಷ ಹೀಗೇ ಹೋಯಿತು.

ಆಮೇಲೆ ಮಾಕೆಮಾಕೆ ಹಿಡಿಯುವ ಯೋಚನೆ ಹೊಳೆಯಿತು. ಪ್ಲುಟೋದಂತೆ ಅದೂ ಒಂದು ಕುಬ್ಜ ಗ್ರಹ. ಮಾರ್ಚ್ ಕೊನೆಗೆ ನಡುರಾತ್ರಿ ನೆತ್ತಿಯ ಹತ್ತಿರವೇ ಇರುತ್ತದೆ. ಮಳೆ ಇಲ್ಲ, ಅಂಗಳದಲ್ಲಿ ಒಣಹಾಕಿದ ಅಡಿಕೆಯೂ ಇಲ್ಲ. "17ನೇ ಮ್ಯಾಗ್ನಿಟ್ಯೂಡು, 8 ಇಂಚಿಗೆ ಆಗೋದಲ್ಲ, ಸುಮ್ನೆ ನಿದ್ದೆ ಹಾಳು" ಅಂದರು ಗೆಳೆಯರು. ಮ್ಯಾಗ್ನಿಟ್ಯೂಡ್ ಅಂದರೆ ಹೊಳಪಿನ ಅಳತೆ, ಅಂಕಿ ಹೆಚ್ಚಾದಷ್ಟೂ ಮಂಕು.

2024ರ ಮಾರ್ಚಿನಲ್ಲಿ ಮಾರಿಕಾಂಬಾ ಜಾತ್ರೆಯ ದೀಪ, ಹುಣ್ಣಿಮೆ ಎರಡೂ ಒಟ್ಟಿಗೆ ಬಂದವು. ಏಪ್ರಿಲ್ ಅಮಾವಾಸ್ಯೆಗೆ ಕೂತರೆ ಫೋಟೋದಲ್ಲಿ ನಕ್ಷತ್ರಗಳೆಲ್ಲ ಗೆರೆ ಗೆರೆ. ಆಕಾಶದ ಜೊತೆ ಟೆಲಿಸ್ಕೋಪನ್ನು ತಿರುಗಿಸುವ ಮೌಂಟನ್ನು ಧ್ರುವ ನಕ್ಷತ್ರ ನೋಡಿ ಸರಿಯಾಗಿ ಕೂರಿಸಬೇಕು. ಇಲ್ಲಿ ಧ್ರುವ ನಕ್ಷತ್ರ ಬರೀ 14-15 ಡಿಗ್ರಿ ಎತ್ತರ, ಅದೂ ತೋಟದ ಮರೆಯಲ್ಲಿ. ಅದು ಕಾಣದೆಯೇ ಮೌಂಟ್ ಕೂರಿಸುವ ಉಪಾಯ ಕೊನೆಗೂ ಸಿಕ್ಕಿತು. ಅದೊಂದು ನನ್ನಲ್ಲೇ ಇರಲಿ.

ಆ ಮಳೆಗಾಲ ಕನ್ನಡಿಗೆ ಬೂಷ್ಟು ಹಿಡಿಯಿತು. ಮರುಲೇಪಕ್ಕೆ ಸಾಗಾಟ ಸೇರಿ ಏಳೆಂಟು ಸಾವಿರ. ಹಳೆಯ ಟೆಲಿಸ್ಕೋಪಿಗೇ ನಲವತ್ತು ಸಾವಿರ ಕೊಟ್ಟಿದ್ದೆ! ಈಗ ಮಳೆಗಾಲವಿಡೀ ಕನ್ನಡಿ ಸಿಲಿಕಾ ಜೆಲ್ ಹಾಕಿದ ಸ್ಟೀಲ್ ಡಬ್ಬದಲ್ಲಿ. ನಡುವೆ ಒಮ್ಮೆ ಎಲ್ಲವನ್ನೂ ಕಾರವಾರದ ಮಾಜಾಳಿ ಕಡಲತೀರಕ್ಕೂ ಒಯ್ದೆ. ಉತ್ತರ ದಿಕ್ಕು ಸ್ವಲ್ಪ ತೆರೆದಿತ್ತು, ಆದರೆ ಉಪ್ಪುಗಾಳಿಗೆ ಲೆನ್ಸೆಲ್ಲ ಅಂಟು ಅಂಟು. ಮತ್ತೆ ಹೋಗಲಿಲ್ಲ.

2025ರ ಮಾರ್ಚ್ ಕೊನೆಯ ಅಮಾವಾಸ್ಯೆ. ಎರಡು ರಾತ್ರಿ, 30 ಸೆಕೆಂಡಿನ ಫೋಟೋ ರಾತ್ರಿಗೆ ನೂರಿಪ್ಪತ್ತರಷ್ಟು. ಅರ್ಧದಷ್ಟು ಬಿಸಾಡಿದೆ, ಉಳಿದದ್ದು ಸ್ಟ್ಯಾಕ್ ಮಾಡಿದೆ, ಅಂದರೆ ಪ್ರತಿ ರಾತ್ರಿಯದನ್ನೂ ಸೇರಿಸಿ ಒಂದೊಂದು ಚಿತ್ರ. ಇಬ್ಬನಿ ಕೂರದಂತೆ ರೆಸಿಸ್ಟರ್ ಪೋಣಿಸಿ ನಾನೇ ಹೀಟರ್ ಮಾಡಿದ್ದೆ, ಖರ್ಚು ಮುನ್ನೂರು ರೂಪಾಯಿ ಇರಬಹುದು. ಕೊಂಡದ್ದಕ್ಕಿಂತ ಚೆನ್ನಾಗಿದೆ.

ಎರಡೂ ರಾತ್ರಿಯ ಚಿತ್ರ ಒಂದರ ಮೇಲೊಂದು ಇಟ್ಟು ಬದಲಿಸುತ್ತ ಹೋದೆ. 1930ರಲ್ಲಿ ಕ್ಲೈಡ್ ಟಾಂಬೋ ಪ್ಲುಟೋ ಹಿಡಿದದ್ದೂ ಹೀಗೇ ಅಲ್ವಾ? ಸಾವಿರ ಚುಕ್ಕಿ ಅಲುಗಲಿಲ್ಲ. ಒಂದು ಮಾತ್ರ ಜಿಗಿಯಿತು, ಸುಮಾರು 1 ಆರ್ಕ್‌ಮಿನಿಟ್, ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು. ಲೆಕ್ಕ ಹೇಳಿದ ಜಾಗದಲ್ಲೇ!

ಸೂರ್ಯನಿಂದ ಭೂಮಿಗಿರುವ ದೂರದ 52 ಪಟ್ಟಿಗಿಂತ ಆಚೆ ಇರುವ ಮಂಜಿನ ಉಂಡೆ ಅದು. ಅಷ್ಟು ಚಳಿಯಲ್ಲಿರುವ ಅದರ ಮಿಥೇನ್ ಹಿಮ ಒಳಗಿನ ಬಿಸಿಯಲ್ಲಿ ಹುಟ್ಟಿರಬಹುದು ಎಂದು ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪಿನ ಅಳತೆಗಳಿಂದ 2024ರಲ್ಲಿ ಹೇಳಿದ್ದಾರೆ. ಆ ಬಿಸಿ ಈಗಲೂ ಇದೆಯಾ? ಅಂಥ ಉಂಡೆಗೆ ತಾಗಿ ಮರಳಿದ ಸೂರ್ಯನ ಬೆಳಕು ನಮ್ಮ ಅಂಗಳಕ್ಕೆ ಬಿತ್ತು ಎಂದು ಬೆಳಗಿನ ತನಕ ನಿದ್ದೆ ಬರಲಿಲ್ಲ.

ಮುಂದೆ ಹೌಮಿಯಾ, ಇನ್ನೊಂದು ಕುಬ್ಜ ಗ್ರಹ. ಅದಕ್ಕೆ ಮೊದಲು ಮೌಂಟಿನ ಬೇರಿಂಗ್ ಬದಲಿಸಬೇಕು.