ಹಳೇ ಆರಾಮಕುರ್ಚಿಗೆ ಹೊಸ ಹೊಳಪು: ಉಪ್ಪುಕಾಗದ ಹಿಡಿಯುವ ಮುನ್ನ

ತೇಗ, ಬೀಟೆ, ಹಲಸು. ನಮ್ಮ ಹಳೇ ಮನೆಗಳ ಆರಾಮಕುರ್ಚಿ, ಮೇಜು, ಪೆಟ್ಟಿಗೆಗಳು ಇಂಥ ಮರದವು. ಮೇಲೆ ಕಪ್ಪುಗಟ್ಟಿದೆ, ಕಾಲು ಅಲ್ಲಾಡುತ್ತಿದೆ ಎಂದು ಗುಜರಿಗೆ ಹಾಕಬೇಡಿ. ಮರ ಗಟ್ಟಿಯಿದ್ದರೆ ಮನೆಯಲ್ಲೇ ಸರಿಮಾಡಬಹುದು. ಆದರೆ ಮೊದಲ ದಿನವೇ ಸ್ಯಾಂಡರ್ ಮೆಷಿನ್ ಹಚ್ಚುವುದು ಬೇಡ. ಉಜ್ಜಿ ತೆಗೆದ ಮರ ಮತ್ತೆ ಬರುವುದಿಲ್ಲ.

ಮೊದಲು ಕುರ್ಚಿಯನ್ನು ಬೋರಲು ಹಾಕಿ ನೋಡಿ. ಸಣ್ಣ ತೂತುಗಳ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ. ಅದಕ್ಕೆ ಔಷಧಿ ಹಾಕಿದ ಮೇಲೆಯೇ ಮುಂದಿನ ಕೆಲಸ.

ನಂತರ ಹಳೇ ಪಾಲಿಶ್ ಯಾವುದೆಂದು ತಿಳಿಯಬೇಕು. ಹತ್ತಿಯ ಉಂಡೆಯನ್ನು ಡಿನೇಚರ್ಡ್ ಸ್ಪಿರಿಟ್‌ನಲ್ಲಿ ಅದ್ದಿ, ಕಣ್ಣಿಗೆ ಬೀಳದ ಜಾಗದಲ್ಲಿ ಅರ್ಧ ನಿಮಿಷ ಒತ್ತಿಹಿಡಿಯಿರಿ. ಪದರ ಮೆತ್ತಗಾಗಿ ಹತ್ತಿಗೆ ಕಂದು ಅಂಟು ಬಂದರೆ ಅದು ಅರಗಿನ ಪಾಲಿಶ್, ನಿಮ್ಮ ಅರ್ಧ ಕೆಲಸ ಉಳಿಯಿತು. ಕೊಳೆ ಒರೆಸಿ, ಹಳೇ ಪದರದ ಮೇಲೆಯೇ ಹೊಸದನ್ನು ಹಚ್ಚಬಹುದು. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಅದು ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಬಹುಮಟ್ಟಿಗೆ ವಾರ್ನಿಷ್ ಅಥವಾ ಪೇಂಟ್. ಹಳೇ ಪೇಂಟ್ ಇದ್ದರೆ ಒಣಗಿದ ಹಾಗೆಯೇ ಉಜ್ಜಲೇಬೇಡಿ. ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರಲ್ಲಿ. ಅದಕ್ಕೂ ಹಿಂದಿನ ಪೇಂಟ್‌ನ ದೂಳು ಮಕ್ಕಳಿರುವ ಮನೆಗೆ ಅಪಾಯ. ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಕೆರೆದು ತೆಗೆಯಿರಿ.

ಕೀಲುಗಳನ್ನು ಬಿಚ್ಚುವಾಗ ತುಕ್ಕು ಹಿಡಿದ ಸ್ಕ್ರೂ ಎದುರಾಗುತ್ತದೆ. ಬಲ ಹಾಕಿದರೆ ತಲೆ ಸವೆದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸ್ಕ್ರೂ ತಲೆಯ ಗೀರಿನಲ್ಲಿರುವ ಪಾಲಿಶನ್ನು ಸೂಜಿಯಿಂದ ಕೆರೆದು ತೆಗೆಯಿರಿ. ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ತಲೆಗೆ ತಾಗಿಸಿ ಬಿಸಿ ಮಾಡಿ, ಆರಲು ಬಿಡಿ. ಗೀರಿನ ಪೂರ್ತಿ ಅಗಲಕ್ಕೆ ಕೂರುವ ಸ್ಕ್ರೂಡ್ರೈವರ್‌ನಿಂದ ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ಆಮೇಲೆ ಸಡಿಲಿಸಿ. ಇಷ್ಟು ತಾಳ್ಮೆಗೆ ಹೆಚ್ಚಿನ ಸ್ಕ್ರೂಗಳು ಒಲಿಯುತ್ತವೆ. ಕೀಲಿನಲ್ಲಿ ಉಳಿದ ಹಳೇ ಅಂಟು ಪ್ರಾಣಿಜನ್ಯ ಸರೇಸು ಆಗಿದ್ದರೆ ಬಿಸಿನೀರಿಗೆ ಬಿಡುತ್ತದೆ. ಅದನ್ನು ಪೂರ್ತಿ ತೊಳೆದು ಒಣಗಿಸದೆ ಹೊಸ ಅಂಟು ಹಾಕಿದರೆ ಹಿಡಿಯುವುದಿಲ್ಲ.

ಉಜ್ಜುವುದು ಅನಿವಾರ್ಯವಾದರೆ ಉಪ್ಪುಕಾಗದದ 120, 180, 220 ನಂಬರುಗಳ ಕ್ರಮದಲ್ಲಿ, ಸದಾ ಎಳೆಯ ಜಾಡಿನಲ್ಲೇ ಉಜ್ಜಿ. ಸ್ಯಾಂಡರ್ ಬಳಸುವವರು ಅದರ ಮೇಲೆ ಭಾರ ಹಾಕಬಾರದು, ಯಂತ್ರದ ತೂಕವೇ ಸಾಕು. ಒತ್ತಿದರೆ ಪ್ಯಾಡ್ ಕಾದು, ಕಾಗದ ಹಿಡಿದಿಡುವ ವೆಲ್ಕ್ರೋ ಕರಗುತ್ತದೆ. ಆಮೇಲೆ ಕಾಗದ ಹಾರಿಹೋಗುತ್ತಲೇ ಇರುತ್ತದೆ. ಮೋಟಾರಿನಲ್ಲಿ ಕಿಡಿ ಹೆಚ್ಚಾಗಿ ವೇಗ ಏರಿಳಿದರೆ ಪ್ಲಗ್ ಕಿತ್ತು ಕಾರ್ಬನ್ ಬ್ರಷ್ ನೋಡಿ. ಸವೆದಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಬ್ರಷ್ ಸರಿಯಿದ್ದೂ ಯಂತ್ರ ಸೋತರೆ ಎಕ್ಸ್‌ಟೆನ್ಷನ್ ವಯರ್ ಮುಟ್ಟಿನೋಡಿ. ಸಪೂರ, ಉದ್ದದ ವಯರ್‌ನಲ್ಲಿ ವೋಲ್ಟೇಜ್ ಇಳಿದು ಮೋಟಾರ್ ಬಿಸಿಯಾಗುತ್ತದೆ. ಇನ್ನು ಕೀಸುಳಿಯಿಂದ ಮರ ಹೆರೆಯುವಾಗ ಅದು ಕುಣಿದು ಮರದ ಎಳೆ ಕಿತ್ತುಬಂದರೆ ಅಲಗು ಮೊಂಡಾಗಿದೆ, ಇಲ್ಲವೇ ನೀವು ಎಳೆಗೆ ಎದುರಾಗಿ ತಳ್ಳುತ್ತಿದ್ದೀರಿ. ಸಾಣೆಕಲ್ಲಿನ ಮೇಲೆ 25ರಿಂದ 30 ಡಿಗ್ರಿ ಕೋನದಲ್ಲಿ ಅಲಗನ್ನು ಮಸೆದು, ದಿಕ್ಕು ಬದಲಿಸಿ ನೋಡಿ.

ಬೆತ್ತದ ಹೆಣಿಗೆ ಜೋತುಬಿದ್ದಿದ್ದರೂ ಹರಿದಿಲ್ಲವೇ? ತಳಭಾಗಕ್ಕೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಇಟ್ಟು ನೆನೆಸಿ, ರಾತ್ರಿಯಿಡೀ ಒಣಗಲು ಬಿಡಿ. ಎಳೆಗಳು ಬಿಗಿದುಕೊಳ್ಳುತ್ತವೆ. ಇದನ್ನು ಪಾಲಿಶ್‌ಗೆ ಮುಂಚೆಯೇ ಮಾಡಿ. ಅರಗಿಗೆ ನೀರು ತಾಗಿದರೆ ಬಿಳಿ ಕಲೆ ಖಂಡಿತ.

ಕೊನೆಗೆ ಪಾಲಿಶ್. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 150 ಗ್ರಾಂ ಚಪಡಾ (ತೆಳು ಚಕ್ಕೆಗಳ ರೂಪದ) ಅರಗು ಹಾಕಿ ಮುಚ್ಚಿಟ್ಟು, ಆಗಾಗ ಅಲ್ಲಾಡಿಸಿದರೆ ಮರುದಿನಕ್ಕೆ ಕರಗಿರುತ್ತದೆ. ಒಲೆ, ದೀಪ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ. ಹತ್ತಿಯ ಮೇಲೆ ಹಳೇ ಪಂಚೆಯ ತುಂಡು ಸುತ್ತಿ ತೆಳುವಾಗಿ ಎಳೆಯಿರಿ, ಒದ್ದೆ ಇರುವಲ್ಲಿ ಮತ್ತೆ ತಿದ್ದಬೇಡಿ. ದಪ್ಪನೆಯ ಒಂದು ಪದರಕ್ಕಿಂತ ತೆಳುವಾದ ಆರು ಪದರ ಚೆಂದ. ಜಡಿಮಳೆಯ ದಿನ ಈ ಕೆಲಸಕ್ಕೆ ಇಳಿಯಬೇಡಿ, ತೇವಕ್ಕೆ ಪದರ ಮಸುಕಾಗುತ್ತದೆ. ಮಸುಕಾಗಿಯೇ ಹೋಯಿತೆಂದರೆ ಕೆರೆಯಲು ಹೋಗದೆ, ಬಿಸಿಲು ಬಿದ್ದ ದಿನ ಸ್ಪಿರಿಟ್ ತುಸು ತಾಗಿಸಿದ ಬಟ್ಟೆಯಿಂದ ಹಗುರಾಗಿ ಒರೆಸಿ.