ಏರು ನಡೆದೆ, ಇಳುಕಲು ಓಡಿದೆ: ಅಲಾಹಾರ್ ಕಾಡುದಾರಿಯ 55 ಕಿಲೋಮೀಟರ್

ಕಳೆದ ಮಾರ್ಚ್ ಮೊದಲ ವಾರದ ಒಂದು ಶನಿವಾರ. ಬೆಳಿಗ್ಗೆ ಏಳಕ್ಕೆ, ಇನ್ನೂ ಪೂರ್ತಿ ಬೆಳಕು ಹರಿಯುವ ಮೊದಲೇ, ಸ್ಪೇನಿನ ಅಲಾಹಾರ್ ಊರಿನ ಚೌಕದಿಂದ ಹೊರಟೆ. ಸಂಜೆ ನಾಲ್ಕೂಕಾಲಿಗೆ ಅದೇ ಚೌಕಕ್ಕೆ ವಾಪಸ್ ಬಂದೆ. ಓಡಿದ್ದು ಸುಮಾರು 55 ಕಿಲೋಮೀಟರ್, ಏರಿದ್ದು ಎರಡು ಸಾವಿರ ಮೀಟರ್ ಆಸುಪಾಸು. ಮಂಡಿ ನೋಯಲಿಲ್ಲ. ಮರುದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಗಲಿಲ್ಲ. ಎರಡು ವರ್ಷ ಎಲ್ಲರೂ ಬೇಡ ಅಂದ ರೀತಿಯಲ್ಲೇ ತಾಲೀಮು ಮಾಡಿ ಇದನ್ನು ಮುಗಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ರೀತಿ ಇಷ್ಟೇ. ಏರು ಬಂದರೆ ನಡೆಯುವುದು, ಒಂದು ಹೆಜ್ಜೆಯೂ ಓಡುವುದಿಲ್ಲ. ಇಳುಕಲಲ್ಲಿ ಮಾತ್ರ ಮೈಯೆಲ್ಲ ಕಣ್ಣಾಗಿ ಓಡುವುದು. 55 ಕಿಲೋಮೀಟರನ್ನು ನಾಲ್ಕು ಸುತ್ತಾಗಿ ಓಡುವುದು, ಪ್ರತಿ ಸುತ್ತೂ ಊರಿನ ನೀರಿನ ಕಟ್ಟೆಗೇ ಬಂದು ಮುಗಿಯಬೇಕು.

ಅಲಾಹಾರ್ ಇರುವುದು ಸ್ಪೇನಿನ ನೈಋತ್ಯ ಮೂಲೆಯಲ್ಲಿ, ಹ್ವೆಲ್ವಾ ಪ್ರಾಂತ್ಯದ ಸಿಯೆರಾ ದೆ ಅರಸೇನಾ ಗುಡ್ಡಗಳ ನಡುವೆ. ಸೆವಿಯಾ (ಸೆವಿಲ್) ನಗರದಿಂದ ಕಾರಲ್ಲಿ ಒಂದೂವರೆ ಗಂಟೆ. ಏಳೆಂಟು ನೂರು ಜನರ ಊರು. ಆಫೀಸ್ ಕೆಲಸ ಮನೆಯಿಂದಲೇ ಮಾಡಬಹುದು ಅಂತ ಆದಾಗ ಸೆವಿಯಾದ ಫ್ಲ್ಯಾಟ್ ಬಿಟ್ಟು ಇಲ್ಲಿಗೆ ಬಂದೆ. ಅಲ್ಲಿ ಬಾಡಿಗೆ ಎಂಟುನೂರು ಯೂರೊ ದಾಟಿತ್ತು, ಇಲ್ಲಿ 380. ನಾನು ತೀರ್ಥಹಳ್ಳಿ ಕಡೆಯವನು. ಇಲ್ಲಿನ ಕಲ್ಲುಪಾಗಾರ, ತರಗೆಲೆ, ಮಳೆ ಬಿದ್ದ ಮಣ್ಣಿನ ವಾಸನೆ ನೋಡಿದ ದಿನವೇ ಮನಸ್ಸು ಒಪ್ಪಿಬಿಟ್ಟಿತು. ಈ ಗುಡ್ಡಗಳಿಗೆ ಅಟ್ಲಾಂಟಿಕ್ ಕಡೆಯಿಂದ ಮೋಡ ಬರುತ್ತದೆ, ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಅದರಿಂದಲೇ ದಕ್ಷಿಣ ಸ್ಪೇನಿನ ಬಿಸಿಲ ನಡುವೆ ಇಷ್ಟು ಕಾಡು ಉಳಿದಿದೆ. ಮೇಲೆ ಚೆಸ್ಟ್‌ನಟ್ ತೋಪು. ಕೆಳಗೆ ಕಾರ್ಕ್ ಮರ, ಓಕ್ ಮರ. ಅವುಗಳ ಕೆಳಗೆ ಕಪ್ಪು ಹಂದಿಗಳು.

ಇಲ್ಲಿನ ದಾರಿಗಳ ಬಗ್ಗೆ ಹೇಳಲೇಬೇಕು. ಡಾಂಬರು ರಸ್ತೆ ಬರುವ ಮೊದಲು ಊರಿಂದೂರಿಗೆ ಹೇಸರಗತ್ತೆ ಮೇಲೆ ಸಾಮಾನು ಸಾಗಿಸುತ್ತಿದ್ದ ದಾರಿಗಳಿವು. ಎರಡೂ ಕಡೆ ಗಾರೆ ಇಲ್ಲದೆ ಜೋಡಿಸಿದ ಕಲ್ಲಿನ ಪಾಗಾರ, ಕಡಿದಾದ ಕಡೆ ಕೆಳಗೂ ಕಲ್ಲುಹಾಸು. ಒಂದೊಂದು ಕಲ್ಲು ಒಂದೊಂದು ಕೋನಕ್ಕೆ ಇರುತ್ತದೆ. ಇಂಥ ದಾರಿಯಲ್ಲಿ ಇಳಿಯುವುದು ಕಲಿತರೆ ಎಲ್ಲಿ ಬೇಕಾದರೂ ಇಳಿಯಬಹುದು.

ಸೆವಿಯಾದಲ್ಲಿ ನಾನು ಓಡುತ್ತಿದ್ದ ಗುಂಪಿನವರು ಮೊದಲ ದಿನವೇ ತಲೆ ಆಡಿಸಿದರು. "ಅಲ್ಲಿ ಬೆಟ್ಟ ಎಲ್ಲಿದೆ? ಸಾವಿರ ಮೀಟರ್ ಕೂಡ ಇಲ್ಲ" ಅಂದರು. ಲೆಕ್ಕ ಸರಿಯೇ. ಊರು ಇರುವುದು 570 ಮೀಟರ್ ಎತ್ತರದಲ್ಲಿ, ಸುತ್ತಲಿನ ಅತಿ ಎತ್ತರದ ಗುಡ್ಡ 960ರ ಹತ್ತಿರ. ಅವರ ಮಾತು ಕೇಳಿ ಮೊದಲ ವರ್ಷ ನಾಲ್ಕು ಸಲ ಸಿಯೆರಾ ನೆವಾಡಾಕ್ಕೆ ಹೋದೆ. ಅಲ್ಲಿ 3,400 ಮೀಟರ್ ಮೀರಿದ ಶಿಖರವೂ ಇದೆ. ಆದರೆ ಇಲ್ಲಿಂದ ಕಾರಲ್ಲಿ ಹೆಚ್ಚುಕಮ್ಮಿ ನಾಲ್ಕು ಗಂಟೆ. ಪೆಟ್ರೋಲು, ಎರಡು ರಾತ್ರಿ ರೂಮು, ಊಟ ಸೇರಿ ಸಲಕ್ಕೆ 180 ಯೂರೊ ಖರ್ಚು. ಒಂದು ದಿನ ಬೆಟ್ಟ ಹತ್ತಿ ಬಂದು ನಾಲ್ಕು ದಿನ ಕುಂಟುತ್ತಿದ್ದೆ. ನಾಲ್ಕು ಸಲಕ್ಕೆ 700 ಯೂರೊ ಮೇಲೆ ಹೋಯಿತು, ಕಾಲಿಗೆ ಏನೂ ಸಿಗಲಿಲ್ಲ.

ಅದೇ ವರ್ಷ ಉಳಿದ ದುಡ್ಡೂ ಹರಿದುಹೋಯಿತು. ವಾಚಿಗೆ 450. ಹತ್ತುವಾಗ ಊರುವ ಕಾರ್ಬನ್ ಕೋಲುಗಳಿಗೆ 140, ಕಲ್ಲುಹಾಸಿನ ಸಂದಿಯಲ್ಲಿ ಮೊನೆ ಸಿಕ್ಕಿಕೊಂಡು ಒಂದು ಬಾಗಿತು, ಇನ್ನೊಂದನ್ನು ಹಾಗೇ ಯಾರಿಗೋ ಕೊಟ್ಟೆ. ಶೂ ಮೂರು ಜೊತೆ, ಒಂದೊಂದು 130. ಮೊದಲ ಜೊತೆಯ ಅಟ್ಟೆಗೆ ಉದ್ದುದ್ದ ಹಲ್ಲು. ಕೆಸರಿಗೆ ಅದು ಸರಿ. ಹಾವಸೆ ಹಿಡಿದ ಒದ್ದೆ ಕಲ್ಲಿನ ಮೇಲೆ ಹಲ್ಲಿನ ತುದಿಯಷ್ಟೇ ತಾಗಿ ಕಾಲು ಜರ್ ಅಂತ ಹೋಗುತ್ತದೆ. ಡಿಸೆಂಬರ್‌ನಲ್ಲಿ ಪಕ್ಕದ ಊರು ಲಿನಾರೆಸ್‌ನ ದಾರಿಯಲ್ಲಿ ಹಾಗೇ ಬಿದ್ದು ಎಡಮಂಡಿ ಊದಿತು. ಫಿಸಿಯೋಥೆರಪಿ ಆರು ಸಲ, ಸಲಕ್ಕೆ 40. ಫಿಸಿಯೋಥೆರಪಿ ಮಾಡಿದವರೂ "ಇನ್ನು ಸಪಾಟು ರಸ್ತೆಯಲ್ಲೇ ಓಡಿ" ಅಂದರು. ಈಗ ನಾನು ಹಾಕುವುದು ಗಿಡ್ಡ ಹಲ್ಲಿನ, ಮೆತ್ತನೆ ರಬ್ಬರಿನ ಶೂ. ಹೊಸದನ್ನು ತಂದ ದಿನ ಅದರ ಅಟ್ಟೆಗೆ ಒಂದು ಕೆಲಸ ಮಾಡುತ್ತೇನೆ. ಹತ್ತು ನಿಮಿಷದ್ದು, ಖರ್ಚಿಲ್ಲ. ಇನ್ನೂ ಒಂದು ಮಳೆಗಾಲ ಪರೀಕ್ಷೆ ಮಾಡದೆ ಅದನ್ನು ಹೇಳುವುದಿಲ್ಲ.

ಮಂಡಿ ವಾಸಿಯಾಗುವ ಹೊತ್ತಿನಲ್ಲೇ ಈ ರೀತಿ ಹೊಳೆದಿದ್ದು. ಏರು ಓಡಲು ಆಗುತ್ತಿರಲಿಲ್ಲ, ನಡೆಯುತ್ತಿದ್ದೆ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಅಜ್ಜ ಇದ್ದಾರೆ, ಎಂಬತ್ತರ ಹತ್ತಿರ. ದಿನಾ ಮೇಲಿನ ತೋಪಿಗೆ ಹೋಗಿ ಬರುತ್ತಾರೆ. ಒಂದು ದಿನ ಅವರ ಹಿಂದೆಯೇ ಹತ್ತಿದೆ. ಅವರು ಒಮ್ಮೆಯೂ ನಿಲ್ಲಲಿಲ್ಲ, ಒಮ್ಮೆಯೂ ಬಾಯಿ ತೆರೆದು ಉಸಿರಾಡಲಿಲ್ಲ. ನಾನು ಏದುಸಿರು ಬಿಡುತ್ತಿದ್ದೆ. "ಅವಸರ ಯಾಕೆ ಮಗಾ, ಮೇಲೆ ಹೋದಮೇಲೂ ಕೆಲಸ ಇರುತ್ತಲ್ಲ" ಅಂದರು. ಅವತ್ತಿನಿಂದ ಬಾಯಿ ಮುಚ್ಚಿಕೊಂಡು ಮೂಗಲ್ಲೇ ಉಸಿರಾಡುತ್ತಾ ಹತ್ತುವುದು ರೂಢಿಯಾಯಿತು. ಬಾಯಿ ತೆರೆಯಬೇಕು ಅನ್ನಿಸಿದರೆ ಹೆಜ್ಜೆ ಚಿಕ್ಕದು ಮಾಡುತ್ತೇನೆ.

ಲೆಕ್ಕ ನೋಡಿದಾಗ ನನಗೇ ಆಶ್ಚರ್ಯ. ಊರಿಂದ ಮೇಲಿನ ಪೇನ್ಯಾ ಬಂಡೆ ತನಕ ಓಡಿ ಹತ್ತಿದರೆ ಸುಮಾರು 19 ನಿಮಿಷ. ಜೋರಾಗಿ ನಡೆದರೆ 23. ನಾಲ್ಕು ನಿಮಿಷ ಉಳಿಸಲು ಕಾಲಿನ ಶಕ್ತಿಯೆಲ್ಲ ಸುರಿಯುತ್ತಿದ್ದೆ. ಇಳಿಯುವಾಗ ತೊಡೆ ನಡುಗಿ, ಅಂಜಿ ಅಂಜಿ ಹೆಜ್ಜೆ ಇಟ್ಟು ಆರು ನಿಮಿಷ ಕಳೆದುಕೊಳ್ಳುತ್ತಿದ್ದೆ. ನಮ್ಮಂಥ ದೂರದ ಓಟಗಾರರಲ್ಲಿ ಹೆಚ್ಚಿನವರಿಗೆ ಕೊನೆಯ 15 ಕಿಲೋಮೀಟರಲ್ಲಿ ಕೈಕೊಡುವುದು ಉಸಿರಲ್ಲ, ಇಳಿದು ಇಳಿದು ಪೆಟ್ಟು ತಿಂದ ತೊಡೆ. ನಾನು ಮೊದಲು ಕರ್ನಾಟಕದ ಮಲ್ನಾಡ್ ಅಲ್ಟ್ರಾ ಓಟದಲ್ಲಿ 50 ಕಿಲೋಮೀಟರ್ ಓಡಿದಾಗಲೂ ಆಗಿದ್ದು ಅದೇ. ಹಾಗಾಗಿ ವಾರಕ್ಕೆ ಎರಡು ದಿನ ಪೇನ್ಯಾಕ್ಕೆ ನಡೆದು ಹತ್ತಿ ಓಡಿ ಇಳಿಯುತ್ತಿದ್ದೆ. ದಿನಕ್ಕೆ ಮೊದಲು ಮೂರು ಸಲ, ಆಮೇಲೆ ಐದು, ಕೊನೆಗೆ ಎಂಟು.

ಪೇನ್ಯಾ ಅಂದರೆ ಊರಿನ ತಲೆಯ ಮೇಲೇ ನಿಂತ ಬಂಡೆ. ಪೂರ್ತಿ ಹೆಸರು ಪೇನ್ಯಾ ದೆ ಆರಿಯಾಸ್ ಮೊಂತಾನೊ. ಆರಿಯಾಸ್ ಮೊಂತಾನೊ 16ನೇ ಶತಮಾನದ ಪಂಡಿತ, ಸ್ಪೇನಿನ ಎರಡನೇ ಫಿಲಿಪ್ ರಾಜನಿಗಾಗಿ ಹಲವು ಭಾಷೆಗಳ ಬೈಬಲ್ ಸಂಪಾದಿಸಿದವನು, ಏಕಾಂತ ಬೇಕಾದಾಗ ಇಲ್ಲಿಗೆ ಬರುತ್ತಿದ್ದನಂತೆ. ಮೇಲೆ ಮೇರಿ ಮಾತೆಯ ಗುಡಿ ಇದೆ, ಸೆಪ್ಟೆಂಬರ್ 8ರ ಹೊತ್ತಿಗೆ ಸುತ್ತಲಿನ ಊರವರೆಲ್ಲ ಕುದುರೆ ಮೇಲೆ ಬರುತ್ತಾರೆ. ಆ ವಾರ ನಾನು ಆ ಕಡೆ ಓಡುವುದಿಲ್ಲ. ಮೇಲಿನಿಂದ ಅಲಾಹಾರ್ ಪೂರ್ತಿ ಬಿಳಿ ಗೋಡೆ, ಕೆಂಪು ಹೆಂಚು. ಎಂಟನೇ ಸಲ ಹತ್ತಿದಾಗಲೂ ಒಂದು ಕ್ಷಣ ನಿಂತು ನೋಡುತ್ತೇನೆ.

ಸುತ್ತುಗಳ ವಿಷಯಕ್ಕೆ ಬರುತ್ತೇನೆ. ಮೊದಲನೆಯದು ಪೂರ್ವಕ್ಕೆ ಲಿನಾರೆಸ್ ದೆ ಲಾ ಸಿಯೆರಾ. ದಾರಿಯಲ್ಲಿ ಮದ್ರೋನ್ಯೆರೋಸ್ ಎಂಬ ಪುಟ್ಟ ಹಳ್ಳಿ ಸಿಗುತ್ತದೆ. ಲಿನಾರೆಸ್‌ನಲ್ಲಿ ಮನೆ ಬಾಗಿಲ ಮುಂದೆ ಸಣ್ಣ ಕಲ್ಲು ಜೋಡಿಸಿ ರಂಗೋಲಿ ಥರ ಚಿತ್ರ ಮಾಡಿರುತ್ತಾರೆ, ಅಲ್ಲಿ ನಡೆದೇ ಹೋಗಿ, ಒದ್ದೆ ಇದ್ದರೆ ಬಹಳ ಜಾರುತ್ತದೆ. ಹೋಗಿ ಬರಲು ಹದಿಮೂರು ಕಿಲೋಮೀಟರ್ ಹತ್ತಿರ. ಎರಡನೆಯದು ದೊಡ್ಡದು: ಪೇನ್ಯಾ ಹತ್ತಿ, ಫುಯೆಂತೆರಿದೋಸ್, ಅಲ್ಲಿಂದ ಕಸ್ತಾನ್ಯೊ ದೆಲ್ ರೊಬ್ಲೆದೊ, ಆಮೇಲೆ ಕಲಬಸೀನೊ ಮೂಲಕ ಇಳಿದು ಅಲಾಹಾರ್. 18 ಕಿಲೋಮೀಟರ್ ಇರಬಹುದು. ಫುಯೆಂತೆರಿದೋಸ್‌ನಲ್ಲಿ ಹನ್ನೆರಡು ಬಾಯಿಯ ಕಾರಂಜಿ ಕಟ್ಟೆ ಇದೆ, ಮೂರ್ತಿಗಾಸ್ ಹೊಳೆ ಹುಟ್ಟುವುದೇ ಅಲ್ಲಿ. ಮೂರನೆಯದು ಪಶ್ಚಿಮಕ್ಕೆ ಸಾಂತಾ ಆನಾ ಲಾ ರೆಯಾಲ್ ಕಡೆ, 14 ಕಿಲೋಮೀಟರ್, ಮಳೆ ಆದಮೇಲೆ ಹೋದರೆ ಅಲ್ಲಿನ ಜಲಪಾತದಲ್ಲಿ ನೀರಿರುತ್ತದೆ. ಕೊನೆಯದು ಚಿಕ್ಕದು, ಕಸ್ತಾನ್ಯೊ ತನಕ ನೇರ ಹೋಗಿ ನೇರ ಬರುವುದು, ಹತ್ತು. ಕಸ್ತಾನ್ಯೊ ಮತ್ತು ಕಲಬಸೀನೊ ನಡುವೆ ನಾನು ಹಿಡಿಯುವ ಒಂದು ಒಳದಾರಿ ಇದೆ. ಅದು ಒಬ್ಬರ ತೋಪಿನೊಳಗೆ ಹೋಗುತ್ತದೆ. ಅವರು ನನಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದು, ಆದ್ದರಿಂದ ಎಲ್ಲಿ ಅಂತ ಬರೆಯಲಾರೆ.

ಪ್ರತಿ ಸುತ್ತಿಗೂ ಊರಿಗೆ ಬರುವುದರಿಂದ ಬೆನ್ನ ಮೇಲೆ ಅರ್ಧ ಲೀಟರ್ ನೀರು ಸಾಕು. ಮೊದಲು ಎರಡು ಲೀಟರ್ ಹೊತ್ತು ಓಡುತ್ತಿದ್ದೆ. ಒಣ ಅಂಗಿ, ಕಾಲುಚೀಲ, ತಿಂಡಿ ಎಲ್ಲ ಮನೆ ಬಾಗಿಲಲ್ಲೇ. ಮಳೆ ಬಂದರೆ, ಕಾಲು ಕೊಂಕಿದರೆ ಅಲ್ಲಿಗೇ ನಿಲ್ಲಿಸಬಹುದು. ಒಬ್ಬನೇ ಓಡುವವನಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಾ? ಅಮ್ಮ ಫೋನಲ್ಲಿ "ಆ ಕಾಡಲ್ಲಿ ಒಬ್ನೇ ಹೋಗ್ತೀಯಲ್ಲೋ" ಅಂತ ಕೇಳಿದಾಗಲೂ ಇದನ್ನೇ ಹೇಳಿದ್ದು. ನೀರಿನ ಬಗ್ಗೆ ಒಂದು ಎಚ್ಚರಿಕೆ. ಕೆಲವು ಕಟ್ಟೆಗಳ ಮೇಲೆ "ನೋ ಪೊತಾಬ್ಲೆ" ಅಂತ ಬರೆದಿರುತ್ತದೆ, ಅಲ್ಲಿ ಮುಖ ತೊಳೆಯಿರಿ, ಕುಡಿಯಬೇಡಿ.

ಕಾಲ ನೋಡಿ ಓಡುವುದನ್ನು ಪೆಟ್ಟು ತಿಂದೇ ಕಲಿತೆ. ಜುಲೈನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸಾಂತಾ ಆನಾ ಕಡೆ ಹೊರಟು, ಹಳ್ಳ ಒಣಗಿ ನೀರು ಸಿಗದೆ ತಲೆ ತಿರುಗಿ ಮರದ ಕೆಳಗೆ ಒಂದು ಗಂಟೆ ಮಲಗಿದ್ದೆ. ಅವತ್ತು 39 ಡಿಗ್ರಿ. ಅಕ್ಟೋಬರ್ ಕೊನೆಗೆ ಚೆಸ್ಟ್‌ನಟ್ ಬೀಳುತ್ತದೆ. ಮುಳ್ಳಿನ ಉಂಡೆಗಳು ದಾರಿ ತುಂಬ ಬಿದ್ದು ಕಲ್ಲು ಕಾಣುವುದಿಲ್ಲ, ಆಗ ಇಳುಕಲ ತಾಲೀಮು ನಿಲ್ಲಿಸುತ್ತೇನೆ. ಬಿದ್ದ ಕಾಯಿಗೆ ಒಡೆಯರಿದ್ದಾರೆ, ಜೇಬಿಗೆ ಹಾಕಬೇಡಿ. ಅದೇ ಹೊತ್ತಿಗೆ ಬೇಟೆಯ ಕಾಲವೂ ಶುರು, ಫೆಬ್ರವರಿ ಮಧ್ಯದ ತನಕ. ಒಂದು ಭಾನುವಾರ ಕಿತ್ತಳೆ ಬಣ್ಣದ ಅಂಗಿ ಹಾಕಿದವರು ಅಡ್ಡ ನಿಂತು ವಾಪಸ್ ಕಳಿಸಿದರು. ಎರಡು ಸಲ ಗುಂಡಿನ ಸದ್ದು ಕೇಳಿತು, ಕೈಕಾಲು ತಣ್ಣಗಾಯಿತು. ಈಗ ಶುಕ್ರವಾರವೇ ಹೋಟೆಲಿನಲ್ಲಿ ವಿಚಾರಿಸುತ್ತೇನೆ. ಇನ್ನು ದಣಪೆ, ಅಂದರೆ ಬೇಲಿಯ ಗೇಟು. ದಾರಿಗೆ ಅಡ್ಡ ಹತ್ತಾರು ದಣಪೆ ಸಿಗುತ್ತವೆ. ಮುಚ್ಚಿದ್ದರೆ ದಾಟಿ ಮುಚ್ಚಬೇಕು, ತೆರೆದಿದ್ದರೆ ಹಾಗೇ ಬಿಡಬೇಕು. ನವೆಂಬರ್‌ನಿಂದ ಹಂದಿಗಳು ಓಕ್ ಕಾಯಿ ತಿಂದು ಕೊಬ್ಬುವ ಕಾಲ. ಒಂದು ಹಂದಿ ತಪ್ಪಿಸಿಕೊಂಡರೆ ರೈತನಿಗೆ ನೂರಾರು ಯೂರೊ ನಷ್ಟ. ಒಮ್ಮೆ ಅವಸರದಲ್ಲಿ ಚಿಲಕ ಸರಿಯಾಗಿ ಹಾಕದೆ ಬಂದೆ. ಅವತ್ತು ಸಂಜೆ ಐದು ಹಂದಿ ಹುಡುಕಲು ಮಾಲೀಕರ ಜೊತೆ ನಾನೂ ಗುಡ್ಡ ಸುತ್ತಿದೆ. ಎಲ್ಲ ಸಿಕ್ಕವು. ಈಗ ಎರಡು ಸಲ ಎಳೆದು ನೋಡುತ್ತೇನೆ.

ತಿನ್ನುವುದರಲ್ಲೂ ಸುಮಾರು ಪ್ರಯೋಗ ಮಾಡಿದೆ. ಓಟಗಾರರು ನುಂಗುವ ಸಿಹಿ ಜೆಲ್ ಒಂದಕ್ಕೆ ಎರಡು ಯೂರೊ, ದೊಡ್ಡ ಓಟಕ್ಕೆ ಹನ್ನೆರಡು ಬೇಕು, ಐದನೆಯದಕ್ಕೇ ಹೊಟ್ಟೆ ತೊಳೆಸುತ್ತಿತ್ತು. ಬರೀ ಒಣ ಅಂಜೂರ ತಿಂದು ನೋಡಿದೆ, ಮೂರು ಗಂಟೆ ಆದಮೇಲೆ ಸಿಹಿ ಸೇರಲಿಲ್ಲ. ಕೊನೆಗೆ ಬೇಯಿಸಿ ಒಣಗಿಸಿದ ಚೆಸ್ಟ್‌ನಟ್ ಪುಡಿ, ಬೆಲ್ಲ, ಸ್ವಲ್ಪ ಉಪ್ಪು, ಒಂದು ಚೂರು ಶುಂಠಿ ಹಾಕಿ ಲಾಡು ಕಟ್ಟಿದೆ. ಬೆಲ್ಲ ಸೆವಿಯಾದ ಏಷ್ಯನ್ ಅಂಗಡಿಯದು. ಇಪ್ಪತ್ತು ಲಾಡಿಗೆ ಆರೇಳು ಯೂರೊ ಖರ್ಚು. ಮಾರ್ಚ್ ಓಟಕ್ಕೆ ಹದಿನೆಂಟು ತಿಂದೆ, ಜೊತೆಗೆ ಉಪ್ಪು ಹಾಕಿದ ಆಲೂಗಡ್ಡೆ. ಹೊಟ್ಟೆ ತಕರಾರು ಮಾಡಲಿಲ್ಲ.

ಆ ದಿನ ಮೊದಲ ಸುತ್ತಿಗೆ ಎರಡು ಗಂಟೆ, ಎರಡನೆಯದಕ್ಕೆ ಮೂರು ಗಂಟೆ ಹಿಡಿಯಿತು. ಮೂರನೆಯದರಲ್ಲಿ ಸಾಂತಾ ಆನಾ ಏರಿನಲ್ಲಿ ಮಳೆ. ನಡೆದೆ. ಕೊನೆಯ ಸುತ್ತಿಗೆ ಸೆವಿಯಾದ ಇಬ್ಬರು ಗೆಳೆಯರು ಬಂದಿದ್ದರು, ನಡೆಯುವುದನ್ನು ಬೇಡ ಅಂದವರೇ. ಕಸ್ತಾನ್ಯೊ ಏರಿನಲ್ಲಿ ಅವರು ಓಡಿದರು, ನಾನು ಬಾಯಿ ಮುಚ್ಚಿ ನಡೆದೆ. ಮೇಲೆ ತಲುಪುವಾಗ ನನಗಿಂತ ಮೂರು ನಿಮಿಷ ಮುಂದಿದ್ದರು. ಕಲಬಸೀನೊ ಇಳುಕಲಲ್ಲಿ ಇಬ್ಬರನ್ನೂ ದಾಟಿದೆ. 45 ಕಿಲೋಮೀಟರ್ ಓಡಿದ ಕಾಲು ನನ್ನದು, ಅವರದು ತಾಜಾ ಕಾಲು. ಚೌಕದ ಕಟ್ಟೆಯಲ್ಲಿ ಮುಖ ತೊಳೆದು, ಅಜ್ಜನಿಗೆ ಉಳಿದ ಎರಡು ಲಾಡು ಕೊಟ್ಟು ಕೂತಿದ್ದೆ, ಆಮೇಲೆ ಅವರು ಬಂದರು. ಈಗ ಆ ಇಬ್ಬರೂ ತಿಂಗಳಿಗೊಮ್ಮೆ ಇಲ್ಲಿಗೆ ಬಂದು ಪೇನ್ಯಾ ನಡೆದು ಹತ್ತುತ್ತಾರೆ.

ಮುಂದಿನ ಚಳಿಗಾಲಕ್ಕೆ ಅಲ್ಮೊನಾಸ್ತೆರ್ ಲಾ ರೆಯಾಲ್ ಕಡೆ ಐದನೇ ಸುತ್ತು ಸೇರಿಸುವ ಆಸೆ ಇದೆ. ಅಲ್ಲಿ ಗುಡ್ಡದ ಮೇಲೆ 10ನೇ ಶತಮಾನದ ಹಳೇ ಮಸೀದಿ ಇದೆ. ಮಧ್ಯೆ ಒಂದು ಹಳ್ಳ ದಾಟಬೇಕು, ಸೇತುವೆ ಇಲ್ಲ. ಡಿಸೆಂಬರ್ ಮಳೆಯಲ್ಲಿ ನೀರು ಎಷ್ಟು ಏರುತ್ತದೆ ಅಂತ ಹೋದ ವಾರ ಅಜ್ಜನನ್ನು ಕೇಳಿದೆ. ಅವರು ಕೈಯನ್ನು ಸೊಂಟದ ಹತ್ತಿರ ಹಿಡಿದು ತೋರಿಸಿದರು.