ಹಲ್ಕೆಯಿಂದ ಮುಪ್ಪಾನೆಗೆ ಲಾಂಚಿನಲ್ಲಿ

2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಕಾರಿನಲ್ಲಿ ಕೆಲವೇ ನಿಮಿಷ. ಆಚೆ ದಡದ ಕರೂರು ಹೋಬಳಿಯವರು ಅರವತ್ತು ವರ್ಷ ಕಾದದ್ದು ಇದಕ್ಕೇ. ಹಾವು ಕಚ್ಚಿದವರನ್ನು ಕರೆತಂದು ರಾತ್ರಿಯೆಲ್ಲ ದಡದಲ್ಲಿ ಲಾಂಚಿಗೆ ಕಾದ ಕತೆಗಳನ್ನು ತುಮರಿ ಕಡೆಯ ನಮ್ಮ ನೆಂಟರ ಬಾಯಲ್ಲೇ ಕೇಳಿದ್ದೇನೆ. ಸೇತುವೆ ಬೇಕೇ ಬೇಕಿತ್ತು. ಆದರೆ ಶರಾವತಿ ಕಣಿವೆಯನ್ನು ನೋಡಲು ಹೋಗುವವರು ಒಂದು ಕಡೆಯಾದರೂ ನೀರಿನ ಮೇಲೆ ದಾಟಬೇಕು.

ಮೊನ್ನೆ ಡಿಸೆಂಬರಿನಲ್ಲಿ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಸಾಗರದಿಂದ ಸೇತುವೆ ದಾಟಿ ತುಮರಿ, ಅಲ್ಲಿಂದ ಹಲ್ಕೆ. ಹಲ್ಕೆಯ ಲಾಂಚು ಆಚೆ ದಡದ ಮುಪ್ಪಾನೆಗೆ ಮುಟ್ಟಿಸುತ್ತದೆ. ಬೇಸಿಗೆಯಲ್ಲಿ ನೀರಿಳಿದರೆ ಲಾಂಚು ನಿಲ್ಲುವುದುಂಟು, ವಿಚಾರಿಸಿಕೊಂಡೇ ಹೊರಡಿ. ತಿಂಡಿ ಕಟ್ಟಿಕೊಂಡು ಹೋದರೆ ಒಳ್ಳೆಯದು.

ಲಾಂಚು ಹೊರಟಾಗ ಸುತ್ತ ಹಸಿರು ದಿಬ್ಬಗಳು. "ಎಷ್ಟೊಂದು ದ್ವೀಪ!" ಅಂದೆ. ಅಪ್ಪ ಕಂಬಿ ಹಿಡಿದುಕೊಂಡೇ ಅಂದರು, "ದ್ವೀಪ ಅಲ್ಲ ಮಾರಾಯ, ಅವೆಲ್ಲ ತೋಟಕ್ಕೆ ಸೊಪ್ಪು ತರುತ್ತಿದ್ದ ಸೊಪ್ಪಿನಬೆಟ್ಟದ ನೆತ್ತಿ. ಮನೆ, ತೋಟ, ಗದ್ದೆ ಎಲ್ಲ ಕೆಳಗಿದೆ." 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು 1819 ಅಡಿಯವರೆಗೆ ನಿಲ್ಲತೊಡಗಿತು. ಮುಳುಗಡೆಯಾದಾಗ ಅಪ್ಪನಿಗೆ ಎಂಟು ವರ್ಷ. ಅದಕ್ಕೂ ಹಿಂದೆ, 1948ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೂ ಇದೇ ನೀರಿನಡಿಗೆ ಹೋಯಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ತಲೆ ಎತ್ತುತ್ತದೆ.

ಈ ಹೊಳೆಗೆ ದೋಣಿ ಹೊಸದಲ್ಲ. ಜೋಗದ ಕೆಳಗೆ ಗೇರುಸೊಪ್ಪೆಯಿಂದ ಕಾಳುಮೆಣಸು ಹೊನ್ನಾವರಕ್ಕೆ ಇಳಿದು ಹಡಗು ಹತ್ತುತ್ತಿತ್ತು. 16ನೇ ಶತಮಾನದಲ್ಲಿ ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಆ ಹೊಳೆಯ ಮೇಲ್ಭಾಗದಲ್ಲಿ ಈಗ ನಾವು ನಮ್ಮದೇ ಊರುಗಳ ಮೇಲೆ ತೇಲುತ್ತಿದ್ದೆವು.

ಮುಪ್ಪಾನೆಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ, ಸುತ್ತ ದಟ್ಟ ಕಾಡು. ಕಾರ್ಗಲ್ ಕಡೆ ಸ್ವಲ್ಪ ಮುಂದೆ ಬಂದು ಕಾರಿನ ಎಂಜಿನ್ ಆರಿಸಿ ಕೂತೆವು. ಈ ಕಾಡಿನ ಕೋತಿ ಸಿಂಗಳೀಕವನ್ನು ನೋಡಲು ಇದೊಂದೇ ಉಪಾಯ ಅನ್ನುವುದು ನನ್ನ ಅನುಭವ: ಸದ್ದು ಮಾಡದೆ ಕೂರುವುದು, ತಿನ್ನಲು ಏನೂ ಎಸೆಯದಿರುವುದು. ಅದು ನೆಲಕ್ಕಿಳಿಯುವುದು ಅಪರೂಪ. ಮರದಿಂದ ಮರಕ್ಕೇ ಅದರ ದಾರಿ, ಕಾಡಿನ ನಡುವೆ ನೀರು ನಿಂತರೆ ಆ ದಾರಿ ಮುಗಿಯಿತು. 2019ರಲ್ಲಿ 930 ಚದರ ಕಿಲೋಮೀಟರಿನಷ್ಟನ್ನು ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಿದಾಗ ನನಗೆ ನಿಜಕ್ಕೂ ಸಮಾಧಾನವಾಗಿತ್ತು.

ಮುಕ್ಕಾಲು ಗಂಟೆಯ ಮೇಲೆ ಕೊಂಬೆ ಅಲುಗಿತು. ಬಿಳಿ ಕೇಸರದ ನಡುವೆ ಕಪ್ಪು ಮುಖ, ಹೊಟ್ಟೆಗೆ ಅಂಟಿದ ಮರಿ. ಅಪ್ಪ ನನ್ನ ಕೈ ಒತ್ತಿ ಹಿಡಿದರು.